ಹಳೇ ಬಾತ್‌ರೂಮ್ ರಿಪೇರಿ: ಬಜೆಟ್ ಹೇಗೆ ಹಾಕೋದು?

ಪ್ರಶ್ನೆ:
ಮೈಸೂರಿನಲ್ಲಿ 1990ರ ಸುಮಾರಿಗೆ ಕಟ್ಟಿದ ಮನೆ. ಮೊದಲ ಮಹಡಿಯ ಬಾತ್‌ರೂಮ್ 8×5 ಅಡಿ. ಕೆಳಗಿನ ಕೋಣೆಯ ಸೀಲಿಂಗ್‌ನಲ್ಲಿ ತೇವ ಬಂದಿದೆ, ಪೈಪು ಹಳೇ ಜಿಐ (ಸತು ಲೇಪಿಸಿದ ಕಬ್ಬಿಣ). ಮೇಸ್ತ್ರಿ ಎಲ್ಲಾ ಸೇರಿ ಒಂದೇ ಮೊತ್ತ ಹೇಳಿದ್ದಾರೆ. ಅದು ಸರಿಯಿದೆಯಾ ಅಂತ ನೋಡೋದು ಹೇಗೆ? ಟೈಲ್ಸ್ ಎಷ್ಟು ಬೇಕು?

ಉತ್ತರ 1:
ಒಂದೇ ಮೊತ್ತಕ್ಕೆ ಒಪ್ಪಬೇಡಿ. ಒಡೆಯೋದು, ಪ್ಲಂಬಿಂಗ್, ವಾಟರ್‌ಪ್ರೂಫಿಂಗ್, ಟೈಲ್ಸ್, ಟೈಲ್ಸ್ ಹಾಕೋ ಕೂಲಿ, ವೈರಿಂಗ್, ಫಿಟಿಂಗ್ಸ್ ಅಂತ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಒಡೆದ ಡೆಬ್ರಿಸ್ ಸಾಗಿಸೋ ಖರ್ಚು ಎಷ್ಟೋ ಕೊಟೇಶನ್‌ಗಳಲ್ಲಿ ಇರಲ್ಲ, ಕೇಳಿ ಸೇರಿಸಿ.

ಟೈಲ್ಸ್ ಲೆಕ್ಕ: ಸುತ್ತಳತೆ 26 ಅಡಿ, 7 ಅಡಿ ಎತ್ತರಕ್ಕೆ 182 ಚದರ ಅಡಿ. ಎರಡೂವರೆ ಅಡಿ ಬಾಗಿಲಿಗೆ 17.5 ಕಳೆದರೆ 164.5. ನೆಲ 40. ಕಟಿಂಗ್ ವೇಸ್ಟಿಗೆ 10% ಸೇರಿಸಿದರೆ ಗೋಡೆಗೆ 181, ನೆಲಕ್ಕೆ 44. ಗೋಡೆಗೆ 12×18 ಇಂಚಿನದಾದರೆ 121 ಟೈಲ್ಸ್. ಎಲ್ಲಾ ಬಾಕ್ಸ್ ಮೇಲೂ ಒಂದೇ ಬ್ಯಾಚ್ ನಂಬರ್ ಇರಲಿ, ಆಮೇಲೆ ತಂದರೆ ಬಣ್ಣ ಹೊಂದಲ್ಲ.

ಉತ್ತರ 2:
ಟೈಲ್ಸ್ ಅಗ್ಗದ್ದಾದರೂ ನಡೆಯುತ್ತೆ, ಅದರ ಹಿಂದಿನ ಕೆಲಸದಲ್ಲಿ ದುಡ್ಡು ಉಳಿಸಬೇಡಿ. ಕೆಳಗೆ ತೇವ ಬಂದಮೇಲೆ ಹಳೇ ಟೈಲ್ಸ್ ಮೇಲೆ ಹೊಸದು ಅಂಟಿಸಿದರೆ ಸೋರಿಕೆ ಅಲ್ಲೇ ಉಳಿಯುತ್ತೆ. ಸ್ಲ್ಯಾಬ್ ತನಕ ಒಡೆಸಿ. ಸಂಕನ್ ಸ್ಲ್ಯಾಬ್ (ಪೈಪು ಕೂರಿಸೋಕೆ ತಗ್ಗಿಸಿ ಹಾಕಿದ ಸ್ಲ್ಯಾಬ್) ಆಗಿದ್ದು ಇಟ್ಟಿಗೆ ಚೂರು ತುಂಬಿದ್ದರೆ ಅದನ್ನೂ ತೆಗೆಸಬೇಕು, ನೀರು ಕುಡಿದು ಕೂತಿರುತ್ತೆ. ಈ ಖರ್ಚು ಒಡೆದಮೇಲೇ ಗೊತ್ತಾಗೋದು.

ಜಿಐ ಬದಲು ಸಿಪಿವಿಸಿ (ಬಿಸಿನೀರು ತಡೆಯೋ ಪ್ಲಾಸ್ಟಿಕ್ ಪೈಪು) ಹಾಕಿಸಿ, ಗೋಡೆ ಮುಚ್ಚೋ ಮುಂಚೆ ಪ್ರೆಶರ್ ಟೆಸ್ಟ್ (ಒತ್ತಡದಲ್ಲಿ ನೀರು ತುಂಬಿ ಸೋರುತ್ತಾ ನೋಡೋದು) ಮಾಡಿಸಿ. ವಾಟರ್‌ಪ್ರೂಫಿಂಗ್ ಎರಡು ಕೋಟ್: ನೆಲ, ಗೋಡೆಗೆ ಒಂದಡಿ, ಶವರ್ ಕಡೆ 6 ಅಡಿ. ಸೋರೋದು ಹೆಚ್ಚಾಗಿ ಮೂಲೆಗಳಲ್ಲಿ, ನಹಾನಿ ಟ್ರ್ಯಾಪ್ (ನೆಲದ ನೀರು ಹೋಗೋ ಜಾಲರಿ ಕಿಂಡಿ) ಸುತ್ತ. ಕೋಟ್ ಒಣಗಿದಮೇಲೆ ಟ್ರ್ಯಾಪ್ ಮುಚ್ಚಿ 48 ಗಂಟೆ ನೀರು ನಿಲ್ಲಿಸಿ, ಕೆಳಗಿನ ಸೀಲಿಂಗ್ ನೋಡಿ. ಈ ಎರಡು ದಿನ ಗಾರೆಯವರಿಗೆ ಕೆಲಸ ಇರಲ್ಲ. ದಿನಗೂಲಿ ಆದರೆ ಬರಬೇಡಿ ಅಂತ ಮೊದಲೇ ಹೇಳಿಡಿ. ನೆಲದ ಇಳಿಜಾರು 8 ಅಡಿಗೆ ಸುಮಾರು ಒಂದು ಇಂಚು.

ಉತ್ತರ 3:
ಒಡೆದಮೇಲೇ ಗೊತ್ತಾಗೋ ಖರ್ಚು ಇರೋದರಿಂದ ಹಳೇ ಮನೆಗೆ 10% ಹೆಚ್ಚುವರಿ ಸಾಲಲ್ಲ, 20% ತೆಗೆದಿಡಿ. 2 ಕಿಲೋವ್ಯಾಟ್ ಗೀಸರ್ ಸುಮಾರು 9 ಆಂಪ್ ಎಳೆಯುತ್ತೆ. ಅದಕ್ಕೆ ಬೋರ್ಡಿನಿಂದಲೇ ಬೇರೆ ಲೈನ್, ಅರ್ಥಿಂಗ್, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗೋ ಸ್ವಿಚ್) ಬೇಕೇ ಬೇಕು, ಜೀವದ ಪ್ರಶ್ನೆ. ಗೋಡೆ ಕೊರೆಯೋದು ಟೈಲ್ಸ್‌ಗೆ ಮುಂಚೆ ಮುಗಿಯಲಿ.

ದುಡ್ಡು ಹಂತಹಂತವಾಗಿ ಕೊಡಿ: ಒಡೆದು ಸಾಗಿಸಿದಮೇಲೆ, ನೀರು ನಿಲ್ಲಿಸಿ ನೋಡಿದಮೇಲೆ, ಟೈಲ್ಸ್ ಮುಗಿದಮೇಲೆ. ಕೊನೆಯ 10% ಒಂದು ತಿಂಗಳು ಬಳಸಿ ನೋಡಿ ಕೊಡೋದು ಅಂತ ಮೊದಲೇ ಬರೆದುಕೊಳ್ಳಿ. ದರದಲ್ಲಿ ಜಿಎಸ್‌ಟಿ ಸೇರಿದೆಯಾ ಕೇಳಿ. ಟೈಲ್ಸ್‌ಗೆ 18% ಇದೆ.