ಡಿಶ್ ಕೂರಿಸುವ ಕೆಲಸಕ್ಕೆ ಪದಗಳು: ತಿರುಗಿಸುವುದಾ, ತಿರುಚುವುದಾ, ಹೊರಳಿಸುವುದಾ?

ಎಲ್ಲರಿಗೂ ನಮಸ್ಕಾರ.

ಮನೆಯ ಟಿವಿಗೆ ಒಂದಕ್ಕಿಂತ ಜಾಸ್ತಿ ಡಿಶ್ ಹಾಕಿಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಡಿಶ್, ಎಲ್‌ಎನ್‌ಬಿ (ಡಿಶ್ ಮುಂದೆ ತೋಳಿನ ತುದಿಯಲ್ಲಿ ಕೂತು ಅಲೆಗಳನ್ನು ಹಿಡಿಯುವ ಭಾಗ), ಕೇಬಲ್, ರಿಸೀವರ್, ಸ್ವಿಚ್ ಇವನ್ನೆಲ್ಲ ಹಾಗೇ ಇಟ್ಟುಕೊಂಡಿದ್ದೇನೆ. ಇವು ಆಗಲೇ ಎಲ್ಲರ ಬಾಯಲ್ಲಿವೆ, ಹೊಸ ಹೆಸರು ಬೇಕಿಲ್ಲ. ನನಗೆ ತೊಡಕಾಗಿರುವುದು ಕ್ರಿಯಾಪದಗಳು, ಮತ್ತೆ ಒಂದು ವಿಭಕ್ತಿ ಪ್ರತ್ಯಯ. ಅದರ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಮೊದಲು ಕ್ರಿಯಾಪದ. ಒಂದು ಡಿಶ್ಶನ್ನು ಉಪಗ್ರಹಕ್ಕೆ ಹೊಂದಿಸಬೇಕಾದರೆ ಮೂರು ಬಗೆಯ ಚಲನೆ ಇದೆ. ಕಂಬದ ಸುತ್ತ ಪೂರ್ವಕ್ಕೋ ಪಶ್ಚಿಮಕ್ಕೋ ಸರಿಸುವುದು ಒಂದು. ಮೇಲಕ್ಕೆತ್ತುವುದು ಅಥವಾ ಕೆಳಕ್ಕೆ ಬಗ್ಗಿಸುವುದು ಇನ್ನೊಂದು. ಮೂರನೆಯದರಲ್ಲಿ ಡಿಶ್ ಅಲುಗುವುದೇ ಇಲ್ಲ. ತೋಳಿನ ತುದಿಯ ಹಿಡಿಕೆಯನ್ನು ಸಡಿಲ ಮಾಡಿ, ಎಲ್‌ಎನ್‌ಬಿಯನ್ನು ಅದು ಇದ್ದ ಜಾಗದಲ್ಲೇ ಅದರ ಅಕ್ಷದ ಸುತ್ತ ಸ್ವಲ್ಪ ಸುತ್ತಿಸುವುದು. ಮಾತಿನಲ್ಲಿ ಮೊದಲನೆಯದಕ್ಕೂ ಮೂರನೆಯದಕ್ಕೂ "ತಿರುಗಿಸು" ಅಂತಲೇ ಹೇಳುತ್ತೇವೆ. ಕೆಳಗೆ ಟಿವಿ ಮುಂದೆ ಕೂತವರು "ಇನ್ನೂ ಚೂರು ತಿರುಗ್ಸು" ಅಂದಾಗ ಮಹಡಿ ಮೇಲಿರುವವರು ಡಿಶ್ಶನ್ನೇ ತಿರುಗಿಸಿದರೆ ಅಲ್ಲಿಗೆ ಮುಗಿಯಿತು. 90 ಸೆಂಟಿಮೀಟರ್ ಡಿಶ್‌ಗೆ ಕೆಯು ಬ್ಯಾಂಡ್‌ನಲ್ಲಿ (ಮನೆಯ ಚಿಕ್ಕ ಡಿಶ್‌ಗಳು ಹಿಡಿಯುವ ಅಲೆಗಳ ಗುಂಪು) ಕಾಣುವ ಆಕಾಶದ ಅಗಲ ಸುಮಾರು 2 ಡಿಗ್ರಿ ಅಷ್ಟೇ. ಉಪಗ್ರಹ ಇರುವುದು ಸಮಭಾಜಕದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ. ಒಂದು ತಪ್ಪು ತಿರುವಿಗೆ ಸಿಕ್ಕಿದ್ದ ಉಪಗ್ರಹ ಕೈ ತಪ್ಪುತ್ತದೆ.

ಪುಸ್ತಕದ ಪದಗಳು ಇವೆ: ಮೊದಲ ಚಲನೆಯ ಕೋನಕ್ಕೆ ದಿಗಂಶ, ಎರಡನೆಯದರ ಕೋನಕ್ಕೆ ಉನ್ನತಾಂಶ. ಅಳತೆಯ ಹೆಸರಾಗಿ ಇವು ಚೆನ್ನಾಗಿವೆ, ಕೋಷ್ಟಕದಲ್ಲಿ ಬಳಸುತ್ತೇನೆ. ಆದರೆ ಕೈಯಲ್ಲಿ ಸ್ಪ್ಯಾನರ್ ಹಿಡಿದವರಿಗೆ "ದಿಗಂಶವನ್ನು ಬದಲಿಸಿ" ಅಂತ ಹೇಳುವುದಕ್ಕಾಗುತ್ತದಾ? ಅದಕ್ಕೇ ಮೊದಲನೆಯದಕ್ಕೆ "ತಿರುಗಿಸು", ಎರಡನೆಯದಕ್ಕೆ "ಎತ್ತು, ಬಗ್ಗಿಸು" ಅಂತ ಗೊತ್ತು ಮಾಡಿಕೊಂಡೆ. ಮೂರನೆಯದಕ್ಕೆ "ತಿರುಚು" ಅನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ. ತಿರುಚಿದರೆ ವಸ್ತುವಿನ ಆಕಾರವೇ ಕೆಡುತ್ತದೆ. ಕಿವಿ ತಿರುಚುತ್ತೇವೆ, ತಂತಿ ತಿರುಚುತ್ತೇವೆ, ಹೇಳಿದ ಮಾತನ್ನೂ ತಿರುಚುತ್ತೇವೆ. ಇಲ್ಲಿ ಏನೂ ಕೆಡುವುದಿಲ್ಲ. ಮಲಗಿದವರು ಮಗ್ಗುಲು ಹೊರಳಿದ ಹಾಗೆ ಎಲ್‌ಎನ್‌ಬಿ ತನ್ನ ಜಾಗದಲ್ಲೇ ಹೊರಳುತ್ತದೆ. ಹಾಗಾಗಿ "ಹೊರಳಿಸು" ಸರಿ ಅಂತ ನನ್ನ ಅನಿಸಿಕೆ. "ಎಲ್‌ಎನ್‌ಬಿಯನ್ನು 15 ಡಿಗ್ರಿ ಹೊರಳಿಸಿ" ಅಂದರೆ ಡಿಶ್ ಮುಟ್ಟಬಾರದು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ, ಅಲ್ವಾ? ಈ ಹೊರಳಿಕೆ ಬೇಕಾಗುವುದು ಅಲೆಗಳು ಅಡ್ಡ ಮತ್ತು ಉದ್ದ ಧ್ರುವೀಕರಣದಲ್ಲಿ (ಧ್ರುವೀಕರಣ ಅಂದರೆ ಅಲೆ ಕಂಪಿಸುವ ದಿಕ್ಕು) ಬರುವಾಗ ಮಾತ್ರ. ಉಪಗ್ರಹದ ಅಡ್ಡ ಗೆರೆ ನಾವು ನಿಂತ ಜಾಗದಿಂದ ಓರೆಯಾಗಿ ಬರುತ್ತದೆ, ಆ ಓರೆಗೆ ಎಲ್‌ಎನ್‌ಬಿಯನ್ನೂ ಓರೆ ಮಾಡಬೇಕು. ವೃತ್ತಾಕಾರದ ಧ್ರುವೀಕರಣವಾದರೆ ಹೊರಳಿಸುವ ಕೆಲಸವೇ ಇಲ್ಲ.

ಇನ್ನೊಂದು ಜೋಡಿ: "ಮುಖ ಮಾಡು" ಮತ್ತು "ನೋಡು". ಮನೆಗಳಲ್ಲಿ ಹಾಕುವ ಚಿಕ್ಕ ಡಿಶ್‌ಗಳು ಹೆಚ್ಚಾಗಿ ಆಫ್‌ಸೆಟ್ ಜಾತಿಯವು. ಅವುಗಳ ನೋಟ ಮುಖಕ್ಕಿಂತ ಸುಮಾರು 25 ಡಿಗ್ರಿ ಮೇಲಕ್ಕಿರುತ್ತದೆ. ಉಪಗ್ರಹ 25 ಡಿಗ್ರಿ ಎತ್ತರದಲ್ಲಿದ್ದರೆ ಡಿಶ್ ನೆಟ್ಟಗೆ ಗೋಡೆಯಂತೆ ನಿಂತಿರುತ್ತದೆ. ನೋಡಿದವರು "ಇದು ಎದುರು ಮನೆಗೆ ಮುಖ ಮಾಡಿದೆಯಲ್ಲ" ಅಂತ ಮೇಲಕ್ಕೆತ್ತಿಬಿಡುತ್ತಾರೆ! ಕನ್ನಡದಲ್ಲಿ ಈ ಎರಡು ಮಾತು ಬೇರೆಬೇರೆ ಇರುವುದು ನಮಗೆ ದೊಡ್ಡ ಅನುಕೂಲ. ಡಿಶ್ ಎದುರಿಗೆ ಮುಖ ಮಾಡಿದೆ, ಮೇಲಕ್ಕೆ ನೋಡುತ್ತಿದೆ. ಕೈಪಿಡಿಯಲ್ಲಿ ಈ ವ್ಯತ್ಯಾಸವನ್ನು ಕೊನೆಯವರೆಗೂ ಬಿಡದೆ ಪಾಲಿಸಬೇಕು ಅಂದುಕೊಂಡಿದ್ದೇನೆ.

ಈಗ ಪ್ರತ್ಯಯದ ವಿಷಯ. ನನಗೆ ಅತಿ ಹೆಚ್ಚು ತಲೆನೋವು ತಂದಿರುವುದು ಇದೇ.

ಎರಡು ಉಪಗ್ರಹ ಹತ್ತಿರ ಹತ್ತಿರ ಇದ್ದರೆ ಎರಡು ಡಿಶ್ ಬೇಕಿಲ್ಲ. ಒಂದೇ ಡಿಶ್ ಮುಂದೆ ಎರಡು ಎಲ್‌ಎನ್‌ಬಿ ಕೂರಿಸಬಹುದು. ಯೂರೋಪಿನಲ್ಲಿ 13 ಡಿಗ್ರಿ ಪೂರ್ವದ ಹಾಟ್‌ಬರ್ಡ್ ಮತ್ತು 19.2 ಡಿಗ್ರಿ ಪೂರ್ವದ ಆಸ್ಟ್ರಾ ಎರಡನ್ನೂ ಹೀಗೆ ಒಂದೇ ಡಿಶ್‌ನಲ್ಲಿ ಹಿಡಿಯುವುದು ರೂಢಿ. ಇವುಗಳಲ್ಲಿ ಆಸ್ಟ್ರಾ ಪೂರ್ವದ ಕಡೆಯದು. ಅದರ ಅಲೆ ಡಿಶ್‌ಗೆ ಬಡಿದು ಪಶ್ಚಿಮದ ಕಡೆಗೆ ಹೋಗುತ್ತದೆ. ಹಾಗಾಗಿ ಆಸ್ಟ್ರಾಗೆ ಇಟ್ಟ ಎಲ್‌ಎನ್‌ಬಿ ಪಶ್ಚಿಮದ ಬದಿಯಲ್ಲಿ ಕೂತಿರುತ್ತದೆ. ಈಗ "ಪೂರ್ವದ ಎಲ್‌ಎನ್‌ಬಿ" ಅಂತ ಬರೆದರೆ ಯಾವುದು? ಪೂರ್ವದ ಬದಿಯಲ್ಲಿ ಕೂತಿರುವುದೋ, ಪೂರ್ವದ ಉಪಗ್ರಹವನ್ನು ಹಿಡಿಯುವುದೋ? "ದ" ಎರಡಕ್ಕೂ ಒಗ್ಗುತ್ತದೆ, ಅರ್ಥ ಮಾತ್ರ ತಲೆಕೆಳಗು. "ಪೂರ್ವದಲ್ಲಿರುವ ಎಲ್‌ಎನ್‌ಬಿ" ಮತ್ತು "ಪೂರ್ವ ನೋಡುವ ಎಲ್‌ಎನ್‌ಬಿ" ಅಂತ ಬಿಡಿಸಿ ಬರೆಯುವುದು ಒಂದು ದಾರಿ. ಉದ್ದವಾಯಿತು, ನಿಜ. ಆದರೆ ಇಲ್ಲಿ ಚುಟುಕಾಗಿ ಬರೆದು ಓದುವವರನ್ನು ದಾರಿ ತಪ್ಪಿಸುವುದು ನನಗೆ ಬೇಡ.

ಎಡ, ಬಲ ಅಂದರೆ ಇನ್ನೂ ಕಷ್ಟ. ಡಿಶ್ ಹಿಂದೆ ನಿಂತವರ ಎಡ ಮುಂದೆ ನಿಂತವರಿಗೆ ಬಲ. ಸಮಭಾಜಕದ ಉತ್ತರಕ್ಕಿರುವವರ ಡಿಶ್ ದಕ್ಷಿಣದ ಆಕಾಶವನ್ನು ನೋಡುತ್ತದೆ, ದಕ್ಷಿಣಕ್ಕಿರುವವರದು ಉತ್ತರವನ್ನು. ಪೂರ್ವ, ಪಶ್ಚಿಮ ಅಂದುಬಿಟ್ಟರೆ ಎಲ್ಲಿದ್ದರೂ ಒಂದೇ.

"ಡಬಲ್ ಎಲ್‌ಎನ್‌ಬಿ" ಅನ್ನುವುದೂ ಹೀಗೇ ಇಬ್ಬಂದಿ. ಒಂದೇ ಉಪಗ್ರಹ ನೋಡಿ ಎರಡು ರಿಸೀವರ್‌ಗೆ ಕೇಬಲ್ ಕೊಡುವುದಕ್ಕೂ ಅದೇ ಹೆಸರು, ಎರಡು ಉಪಗ್ರಹ ನೋಡಿ ಒಂದೇ ಕೇಬಲ್ ಕೊಡುವ ಮಾನೋಬ್ಲಾಕ್‌ಗೂ ಅದೇ. ಮುಕ್ಕಣ್ಣ ಅನ್ನುವ ಮಾತು ನಮ್ಮಲ್ಲಿ ಇದ್ದೇ ಇದೆ. ಅದೇ ಜಾಡಿನಲ್ಲಿ ಮಾನೋಬ್ಲಾಕನ್ನು "ಇಕ್ಕಣ್ಣಿನ ಎಲ್‌ಎನ್‌ಬಿ", ಎರಡು ಕೇಬಲ್ ಕೊಡುವುದನ್ನು "ಎರಡು ಪೋರ್ಟಿನ ಎಲ್‌ಎನ್‌ಬಿ" ಅನ್ನಬಹುದಾ? ಇಕ್ಕಣ್ಣು ಕಿವಿಗೆ ಹಿತವಾಗಿದೆಯೋ, ಎಳೆದು ತಂದಂತಿದೆಯೋ ಹೇಳಿ.

ಡೈಸೆಕ್ ಸ್ವಿಚ್ (ಹಲವು ಡಿಶ್‌ಗಳಲ್ಲಿ ಬೇಕಾದ ಒಂದನ್ನು ರಿಸೀವರ್‌ಗೆ ಜೋಡಿಸುವ ಸ್ವಿಚ್) ಬಗ್ಗೆ ಜಾಸ್ತಿ ತಕರಾರಿಲ್ಲ. ಸಾಮಾನ್ಯ ಸ್ವಿಚ್‌ಗೆ ನಾಲ್ಕು ಡಿಶ್ ಸೇರಿಸಿ ಒಂದೇ ಕೇಬಲ್ ಒಳಗೆ ತರಬಹುದು. ಪೋರ್ಟ್ ಎ, ಬಿ, ಸಿ, ಡಿ ಅಂದರೆ ಸಾಕು.

ಕೊನೆಯದು "ಸಿಗ್ನಲ್ ಬಂತು". ಪರದೆಯಲ್ಲಿ ಎರಡು ಪಟ್ಟಿ ಇರುತ್ತವೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ಎಲ್‌ಎನ್‌ಬಿಗೆ ಕರೆಂಟ್ ಹೋದರೆ ಸಾಕು, ಉಪಗ್ರಹ ಸಿಗದಿದ್ದರೂ ಸ್ಟ್ರೆಂತ್ ಏರಬಹುದು. ಕ್ವಾಲಿಟಿ ಏರಿದರೆ ಮಾತ್ರ ನಿಜವಾಗಿ ಸಿಕ್ಕಿದ ಹಾಗೆ. ಅದಕ್ಕೆ ಸ್ಟ್ರೆಂತ್‌ಗೆ "ಏರಿತು", ಕ್ವಾಲಿಟಿಗೆ "ಸಿಕ್ಕಿತು" ಅಂತ ಬರೆಯುತ್ತಿದ್ದೇನೆ. "ಬಂತು" ಅನ್ನುವುದನ್ನು ಪೂರ್ತಿ ಬಿಟ್ಟಿದ್ದೇನೆ.

ಡಿಶ್ ಕೂರಿಸುವ ಕೆಲಸ ಮಾಡುವವರು, ಅಥವಾ ಅವರ ಪಕ್ಕದಲ್ಲಿ ನಿಂತು ಕೇಳಿಸಿಕೊಂಡವರು ಇದ್ದರೆ ದಯವಿಟ್ಟು ಬರೆಯಿರಿ. ಎಲ್‌ಎನ್‌ಬಿ ಹೊರಳಿಸುವುದಕ್ಕೆ ಅವರ ಬಾಯಲ್ಲಿ ಆಗಲೇ ಒಂದು ಮಾತು ಇದ್ದರೆ, ನನ್ನದನ್ನು ಬಿಟ್ಟು ಅದನ್ನೇ ಹಾಕುತ್ತೇನೆ.