ಕೆಲಸ ಬಿಡದೆ ಡಾಕ್ಟರೇಟ್: ಡಿಐಟಿಯೋ, ಪಿಎಚ್‌ಡಿಯೋ?

ಪ್ರಶ್ನೆ:
ಬಹಳ ವರ್ಷಗಳಿಂದ ಡೇಟಾಬೇಸ್ ಕೆಲಸದಲ್ಲಿದ್ದೇನೆ. ಹಳೇ ಸಿಸ್ಟಂಗಳನ್ನು ಕ್ಲೌಡ್‌ಗೆ ಸಾಗಿಸುವಾಗ ಪ್ರತಿ ಸಲವೂ ಅದೇ ತೊಡಕು. ಆ ಕೋಡ್ ಯಾಕೆ ಹಾಗಿದೆ ಅಂತ ಗೊತ್ತಿದ್ದವರು ಕೆಲಸ ಬಿಟ್ಟು ಹೋಗಿರುತ್ತಾರೆ. ಇದನ್ನೇ ಹಿಡಿದು ಸಂಶೋಧನೆ ಮಾಡಬೇಕು ಅಂತ ತುಂಬಾ ಆಸೆ. ಡಾಕ್ಟರ್ ಆಫ್ ಇನ್ಫರ್ಮೇಶನ್ ಟೆಕ್ನಾಲಜಿ (ಡಿಐಟಿ) ಪದವಿಯನ್ನು ಪಿಎಚ್‌ಡಿಗೆ ಸಮ ಅಂತ ಒಪ್ಪುತ್ತಾರಾ?

ಉತ್ತರ 1:
ಮುಂದೆ ಪ್ರೊಫೆಸರ್ ಆಗುವ ಯೋಚನೆ ಇದ್ದರೆ ಪಿಎಚ್‌ಡಿಗೇ ಹೋಗಿ.

ಉತ್ತರ 2:
ನಾನು ಕೆಲಸ ಮಾಡುತ್ತಲೇ ಡಿಐಟಿ ಮುಗಿಸಿದವಳು. ಸಮವೋ ಅಲ್ಲವೋ ಅನ್ನುವುದು ದೇಶದ ಮೇಲೆ ಹೋಗುತ್ತದೆ. ಆಸ್ಟ್ರೇಲಿಯಾದ ಅರ್ಹತಾ ಚೌಕಟ್ಟಿನಲ್ಲಿ ಎರಡೂ 10ನೇ ಹಂತದವು. ಡಿಐಟಿಯಂಥ ವೃತ್ತಿಪರ ಡಾಕ್ಟರೇಟಿನಲ್ಲೂ ಕನಿಷ್ಠ 2 ವರ್ಷದ ಸಂಶೋಧನೆ ಇರಲೇಬೇಕು. ಬೇರೆ ಕಡೆ ನೀವು ಸೇರಬೇಕೆಂದಿರುವ ಸಂಸ್ಥೆಯನ್ನೇ ಕೇಳಿ, ಉತ್ತರ ಬರಹದಲ್ಲಿ ಪಡೆಯಿರಿ.

ಆದರೆ ನಿಮ್ಮ ಪ್ರಶ್ನೆ ನೋಡಿದರೆ ನನಗೆ ಡಿಐಟಿಯೇ ಸರಿ ಅನ್ನಿಸುತ್ತದೆ. ಕಚೇರಿಯಲ್ಲಿ ನಿಜವಾಗಿ ಕಾಡುವ ಸಮಸ್ಯೆ ನಿಮ್ಮ ಕೈಯಲ್ಲಿದೆ, ಅದೇ ದೊಡ್ಡ ಬಂಡವಾಳ. ಡಿಸೈನ್ ಸೈನ್ಸ್ ವಿಧಾನ ಓದಿಕೊಳ್ಳಿ. 2004ರಲ್ಲಿ ಹೆವ್ನರ್ ಮತ್ತು ಸಂಗಡಿಗರು ಎಂಐಎಸ್ ಕ್ವಾರ್ಟರ್ಲಿ ಅನ್ನುವ ಸಂಶೋಧನಾ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಶುರು ಮಾಡಬಹುದು. ಈ ವಿಧಾನದಲ್ಲಿ ಒಂದು ಸಾಧನವನ್ನೋ ಕ್ರಮವನ್ನೋ ಕಟ್ಟಿ, ಅದು ಕೆಲಸಕ್ಕೆ ಬರುತ್ತದೆ ಅಂತ ಪುರಾವೆ ಸಮೇತ ತೋರಿಸಬೇಕು. ಕಟ್ಟಿದರಷ್ಟೇ ಸಾಲದು, ಅದರಿಂದ ಬೇರೆಯವರಿಗೂ ಸಲ್ಲುವ ಹೊಸ ತಿಳಿವಳಿಕೆ ಹೊರಡಬೇಕು. ಎಷ್ಟೋ ಪ್ರಬಂಧಗಳು ಪ್ರಾಜೆಕ್ಟ್ ವರದಿಯಾಗಿ ಉಳಿಯುವುದು ಇಲ್ಲೇ.

ಇನ್ನೊಂದು ಮಾತು, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಅರ್ಜಿ ಹಾಕುವ ಮೊದಲೇ ಕಂಪನಿಯ ಕಾನೂನು ವಿಭಾಗದಿಂದ ಡೇಟಾ ಬಳಸಲು ಒಪ್ಪಿಗೆ ಪತ್ರ ತೆಗೆದುಕೊಳ್ಳಿ. ಮ್ಯಾನೇಜರ್ ಬಾಯಿಮಾತಿನಲ್ಲಿ ಹೂಂ ಅಂದದ್ದು ಅವರು ಬದಲಾದ ದಿನವೇ ಮುಗಿಯಿತು. ಸಂಶೋಧನೆಗಾಗಿ ಜನರನ್ನು ಸಂದರ್ಶಿಸಲು ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಅನುಮತಿಯೂ ಬೇಕು. ನಿಮ್ಮ ಕೈಕೆಳಗಿನವರನ್ನು ನೀವೇ ಸಂದರ್ಶಿಸಿದರೆ ಅವರು ಬೇಡ ಅನ್ನಲಾರರು. ಆ ಮಾತನ್ನು ಸಮಿತಿ ಖಂಡಿತ ಎತ್ತುತ್ತದೆ.

ಪ್ರಶ್ನೆ ಕೇಳಿದವರು:
ತುಂಬಾ ಧನ್ಯವಾದ ಮೇಡಂ. ಕೆಲಸ ಬಿಟ್ಟು ಹೋದವರನ್ನು ಸಂದರ್ಶಿಸಬಹುದಾ?

ಉತ್ತರ 2:
ಧಾರಾಳವಾಗಿ. ಅವರು ಈಗ ನಿಮ್ಮ ಕೈಕೆಳಗಿಲ್ಲ, ಬೇಕಾದರೆ ಆಗುವುದಿಲ್ಲ ಅನ್ನಬಹುದು. ಆದರೆ ಕೆಲಸ ಬಿಡುವಾಗ ಸಹಿ ಹಾಕಿದ ಗೌಪ್ಯತೆಯ ಒಪ್ಪಂದ ಅವರ ಮೇಲೆ ಇನ್ನೂ ಇರಬಹುದು. ಕಂಪನಿಯ ಒಪ್ಪಿಗೆ ಪತ್ರದಲ್ಲೇ ಅವರನ್ನೂ ಸೇರಿಸಿ ಕೇಳಿ.