ಬಿರುಕು ಬಿಟ್ಟ ಉದ್ದ ಬಿಲ್ಲು: ಸರಿ ಮಾಡಬಹುದಾ, ಗೋಡೆಗೆ ನೇತು ಹಾಕುವುದಾ?

ಬದಿಯಡ್ಕದಿಂದ, ಪ್ರಶ್ನೆ:

ಇಂಗ್ಲೆಂಡಿನಲ್ಲಿರುವ ಭಾವ ಊರಿಗೆ ಬರುವಾಗ ಒಂದು ಹಳೆಯ ಮರದ ಬಿಲ್ಲು ತಂದುಕೊಟ್ಟಿದ್ದರು. ಯೂ ಮರದ್ದಂತೆ. ಆರಡಿ ಉದ್ದ, 28 ಇಂಚು ಎಳೆದಾಗ 40 ಪೌಂಡ್ ಬಲ. ಬೇಸಿಗೆಯಲ್ಲಿ ಅದು ಅಡಿಕೆ ಒಣಗಿಸುವ ಸೋಲಾರ್ ಗೂಡಿನ ಮೂಲೆಯಲ್ಲೇ ಉಳಿದುಬಿಟ್ಟಿತು. ಈಗ ನೋಡಿದರೆ ಮೇಲಿನ ತೋಳಿನಲ್ಲಿ, ಅಂದರೆ ಹಿಡಿಯಿಂದ ಮೇಲಿನ ಬಾಗುವ ಭಾಗದಲ್ಲಿ, ನಾಲ್ಕು ಇಂಚಿನಷ್ಟು ಬಿರುಕು. ನಮ್ಮ ಆಚಾರಿಯವರು "ಅಂಟು ಹಾಕಿ ಎರಡು ಸ್ಕ್ರೂ ಬಿಗಿದರೆ ಆಯ್ತು" ಅಂತಾರೆ. ಅನುಭವ ಇದ್ದವರು ಯಾರಾದರೂ ಹೇಳಿ, ಇದನ್ನು ಪುನಃ ಎಳೆಯಬಹುದಾ?

ಮುಳ್ಳೇರಿಯದಿಂದ:

ಮೊದಲು ಒಂದು ಮಾತು. ಸ್ಕ್ರೂ ಬೇಡವೇ ಬೇಡ. ಆಚಾರಿಯವರು ಬಾಗಿಲು, ದಾರಂದ ನೋಡುವ ಕಣ್ಣಿನಲ್ಲಿ ಹೇಳಿದ್ದಾರೆ, ಅಲ್ಲಿ ಅದು ಸರಿ. ಬಾಗಿಲು ಬಾಗುವುದಿಲ್ಲ, ಬಿಲ್ಲು ಬಾಗಬೇಕು. ಬಾಗುವ ಜಾಗದಲ್ಲಿ ತೂತು ಕೊರೆದರೆ ಮರದ ನಾರು ಅಲ್ಲೇ ತುಂಡಾಗುತ್ತದೆ. ಮುಂದಿನ ಸಲ ಮುರಿಯುವುದೂ ಆ ತೂತಿನಲ್ಲೇ.

ಇನ್ನು ಬಿರುಕಿನ ವಿಷಯ. ಎಷ್ಟು ಉದ್ದ ಅನ್ನುವುದಕ್ಕಿಂತ ಯಾವ ಬದಿಯಲ್ಲಿ, ಯಾವ ದಿಕ್ಕಿಗೆ ಓಡಿದೆ ಅನ್ನುವುದನ್ನು ನೋಡಬೇಕು. ಬಾಣ ಬಿಡುವಾಗ ಗುರಿಯ ಕಡೆಗೆ ಇರುವ ಬದಿ ಬಿಲ್ಲಿನ ಬೆನ್ನು, ನಮ್ಮ ಕಡೆಗೆ ಇರುವುದು ಹೊಟ್ಟೆ. ಎಳೆದಾಗ ಬೆನ್ನು ಹಿಗ್ಗುತ್ತದೆ, ಹೊಟ್ಟೆ ಒತ್ತಿಕೊಳ್ಳುತ್ತದೆ. ಯೂ ಮರದಲ್ಲಿ ಹೊರಗಿನ ಬಿಳಿ ಪದರ ಹಿಗ್ಗುವುದಕ್ಕೆ ಒಳ್ಳೆಯದು, ಒಳಗಿನ ಕೆಂಪು ಭಾಗ ಒತ್ತಡ ತಾಳುತ್ತದೆ. ಅದಕ್ಕೇ ಬಿಳಿಯನ್ನು ಬೆನ್ನಿಗೆ, ಕೆಂಪನ್ನು ಹೊಟ್ಟೆಗೆ ಇಟ್ಟು ಕೆತ್ತುತ್ತಾರೆ. 1545ರಲ್ಲಿ ಇಂಗ್ಲೆಂಡಿನ ತೆಂಕಣ ಕರಾವಳಿಯಲ್ಲಿ ಮುಳುಗಿ, 1982ರಲ್ಲಿ ಮೇಲೆತ್ತಿದ ಮೇರಿ ರೋಸ್ ಹಡಗಿನಲ್ಲಿ ಸಿಕ್ಕಿದ ನೂರಕ್ಕೂ ಜಾಸ್ತಿ ಬಿಲ್ಲುಗಳು ಹೀಗೇ ಮಾಡಿದವು. ನಿಮ್ಮದೂ ಹಾಗೇ ಎರಡು ಬಣ್ಣ ಇದ್ದರೆ ಬೆನ್ನು ಯಾವುದು, ಹೊಟ್ಟೆ ಯಾವುದು ಅಂತ ಕೇಳುವುದೇ ಬೇಡ.

ಬೆನ್ನಿನಲ್ಲಿ ಅಡ್ಡಕ್ಕೆ ಬಿರುಕು ಬಿದ್ದಿದ್ದರೆ ಕತೆ ಮುಗಿಯಿತು. ನಾರು ಕಡಿದಿದೆ ಅಂತ ಅರ್ಥ. ಯಾವ ಅಂಟೂ ಅದನ್ನು ಹಿಂದಿನ ಹಾಗೆ ಮಾಡುವುದಿಲ್ಲ. ಅದೇ ಬೆನ್ನಿನಲ್ಲಿ ಓರೆಯಾಗಿ ಓಡಿ ಅಂಚಿಗೆ ಮುಟ್ಟಿದ್ದರೂ ನಾನು ಎಳೆಯುವುದಿಲ್ಲ. ಎಳೆದಷ್ಟೂ ಅದು ಸಿಬಿರಾಗಿ ಏಳುತ್ತದೆ, ಒಂದು ದಿನ ತುಂಡಾಗುತ್ತದೆ. 40 ಪೌಂಡ್ ಅಂದರೆ 18 ಕಿಲೋ. ಆ ಹೊತ್ತಿಗೆ ಬಿಲ್ಲು ಇರುವುದು ನಿಮ್ಮ ಮುಖದ ಹತ್ತಿರ.

ಉದ್ದಕ್ಕೆ, ನಾರಿನ ಜೊತೆಗೇ ಓಡಿ, ತೋಳಿನ ನಡುವೆಯೇ ನಿಂತ ಬಿರುಕಾದರೆ ಹೆದರಬೇಡಿ. ಮರ ಒಣಗುವಾಗ ಹೊರಮೈ ಬೇಗ ಕುಗ್ಗಿ ಹಾಗೆ ಬಿಡುತ್ತದೆ. ಸೋಲಾರ್ ಗೂಡಿನ ಬಿಸಿಗೆ ನಿಮ್ಮದು ಅದೇ ಆಗಿರುವ ಸಾಧ್ಯತೆ ಜಾಸ್ತಿ. ನಾರು ಕಡಿದಿಲ್ಲ, ಪಕ್ಕಪಕ್ಕದ ನಾರು ಬಿಟ್ಟುಕೊಂಡಿದೆ ಅಷ್ಟೇ.

ನೋಡುವ ಕ್ರಮ ಹೀಗೆ. ಹೆದೆ ಬಿಚ್ಚಿ. ರಾತ್ರಿ ಲೈಟ್ ಆರಿಸಿ, ಟಾರ್ಚನ್ನು ಮರಕ್ಕೆ ತಾಗಿಸಿದಂತೆ ಓರೆಯಾಗಿ ಹಿಡಿದು ಎರಡೂ ತೋಳುಗಳನ್ನು ತುದಿಯಿಂದ ತುದಿಗೆ ನೋಡಿ, ಬಿರುಕು ಇರುವ ಜಾಗ ಮಾತ್ರ ಅಲ್ಲ. ಆಮೇಲೆ ಔಷಧಿ ಅಂಗಡಿಯ ಹತ್ತಿಯ ಉಂಡೆ ತಗೊಂಡು ಬೆನ್ನಿನ ಮೇಲೆ ಮೆಲ್ಲಗೆ ಎಳೆಯಿರಿ, ಎರಡೂ ದಿಕ್ಕಿಗೆ. ಕಣ್ಣಿಗೆ ಕಾಣದ ಸಿಬಿರು ಇದ್ದರೆ ಹತ್ತಿಯ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೀಟು ಹಾಕಿ ಪಕ್ಕದಲ್ಲಿ ತಾರೀಕು ಬರೆದಿಡಿ. ಬೆಳೆಯುತ್ತಿದೆಯೋ ಇಲ್ಲವೋ ಆಮೇಲೆ ಗೊತ್ತಾಗುತ್ತದೆ.

ನಮ್ಮ ಕಡೆಯವರು ಒಂದು ಮರೆಯಬಾರದು. ಆಟಿ ತಿಂಗಳ ಮಳೆಯಲ್ಲಿ ಮರ ನೀರಿನ ಪಸೆ ಕುಡಿದು ಉಬ್ಬುತ್ತದೆ, ಬಿರುಕು ಮುಚ್ಚಿಹೋದ ಹಾಗೆ ಕಾಣುತ್ತದೆ. "ಸರಿಯಾಯ್ತು" ಅಂತ ಎಳೆಯಲು ಹೋಗಬೇಡಿ. ಮಾರ್ಚಿನಲ್ಲಿ ಪುನಃ ಬಾಯಿ ಬಿಡುತ್ತದೆ. ಅಂಟು ಹಾಕುವುದಿದ್ದರೆ ಮಳೆ ಬಿಟ್ಟು, ಬಿಲ್ಲು ಒಳಕೋಣೆಯಲ್ಲಿ ತಾನಾಗಿ ಒಣಗಿದ ಮೇಲೆಯೇ ಒಳ್ಳೆಯದು. ಬಿಸಿಲಿಗೆ ಇಡುವುದು, ಕೊಬ್ಬರಿ ಗೂಡಿನ ಮೇಲೆ ಇಡುವುದು ಮಾಡಬೇಡಿ.

ಉದ್ದದ ಬಿರುಕಿಗೆ ನೀರಿನಂತೆ ತೆಳ್ಳಗಿರುವ ಸೂಪರ್ ಗ್ಲೂ ಬೇಕು. ದಪ್ಪ ಅಂಟು ಒಳಗೆ ಇಳಿಯುವುದಿಲ್ಲ, ಬಾಯಿಯಲ್ಲೇ ನಿಲ್ಲುತ್ತದೆ. ಫೆವಿಕ್ವಿಕ್ ಕೂಡ ನಡೆಯುತ್ತದೆ. ಬಿಲ್ಲನ್ನು ಬಿರುಕು ಮೇಲೆ ಬರುವ ಹಾಗೆ ಅಡ್ಡ ಮಲಗಿಸಿ, ಹನಿ ಹನಿಯಾಗಿ ಬಿಡಿ, ಕುಡಿದಷ್ಟೂ ಕುಡಿಯಲಿ. ಮರುದಿನ ಉಜ್ಜಿ ನಯ ಮಾಡಿ. ಆಮೇಲೆ ಬಿರುಕಿನ ಎರಡೂ ತುದಿಯಿಂದ ಒಂದೊಂದು ಇಂಚು ಆಚೆಗೆ ಬರುವಂತೆ ಗಟ್ಟಿ ದಾರವನ್ನು ಒತ್ತೊತ್ತಾಗಿ ಸುತ್ತಿ, ಅದಕ್ಕೂ ಅಂಟು ಕುಡಿಸಿ. ರೇಷ್ಮೆ ದಾರ ಚೆಂದ. ಟೈಲರ್ ಅಂಗಡಿಯ ಪಾಲಿಯೆಸ್ಟರ್ ದಾರವೂ ಸಾಕು. ಮೀನಿನ ಗಾಳದ ನೈಲಾನ್ ಬೇಡ, ಅದು ಜಗ್ಗುತ್ತದೆ.

ಪೆರ್ಲದಿಂದ:

ಮೇಲಿನವರು ಹೇಳಿದ್ದು ಒಂದೇ ಮರದ ಬಿಲ್ಲಿಗೆ. ಅಂಗಡಿಯಲ್ಲಿ ಸಿಗುವ ಎಷ್ಟೋ ಬಿಲ್ಲುಗಳು ಎರಡು ಮೂರು ಪಟ್ಟಿ ಅಂಟಿಸಿದವು, ಬೆನ್ನಿಗೆ ಹಿಕರಿ ಅನ್ನುವ ಗಟ್ಟಿ ಮರವೋ ಬಿದಿರೋ, ಹೊಟ್ಟೆಗೆ ಬೇರೆ ಮರ. ಪಕ್ಕದಿಂದ ನೋಡಿದರೆ ಪಟ್ಟಿಗಳ ನಡುವಿನ ಗೆರೆ ಕಾಣುತ್ತದೆ. ನಿಮ್ಮ ಬಿರುಕು ಆ ಗೆರೆಯ ಮೇಲೆಯೇ ಇದೆಯಾ ನೋಡಿ. ಹಾಗಿದ್ದರೆ ಮರ ಒಡೆದಿಲ್ಲ, ಅಂಟು ಬಿಟ್ಟಿದೆ.

ನನ್ನದು ಹಾಗೆ ಬಿಟ್ಟಿತ್ತು. ಹಲ್ಲಿನ ಸಂದಿಗೆ ಹಾಕುವ ಫ್ಲಾಸ್ ದಾರವನ್ನು ಸಂದಿನಲ್ಲಿ ಆಚೆ ಈಚೆ ಎಳೆದು ಹಳೆ ಅಂಟಿನ ಪುಡಿ ತೆಗೆದೆ. ಅದೇ ದಾರಕ್ಕೆ ಅಂಟು ಹಚ್ಚಿ ಒಳಗೆ ಸೇರಿಸಿದೆ. ಅಂಟು ಅಂದರೆ ಎರಡು ಟ್ಯೂಬ್ ಬೆರೆಸುವ ಅರಾಲ್ಡೈಟ್, ನಿಧಾನಕ್ಕೆ ಗಟ್ಟಿಯಾಗುವುದು. ಐದು ನಿಮಿಷದಲ್ಲಿ ಹಿಡಿಯುವುದು ಇದಕ್ಕೆ ಆಗುವುದಿಲ್ಲ. ಬಡಗಿ ಕೆಲಸದ ಬಿಳಿ ಅಂಟೂ ಬೇಡ, ಸಂದು ತುಂಬಿಸುವ ಶಕ್ತಿ ಅದಕ್ಕಿಲ್ಲ. ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಹಳೆ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಬಿಗಿಯಾಗಿ ಸುತ್ತಿದೆ. ಕ್ಲಾಂಪಿಗಿಂತ ಟ್ಯೂಬೇ ಒಳ್ಳೆಯದು, ಎಲ್ಲ ಕಡೆ ಸಮ ಒತ್ತುತ್ತದೆ. ಒಂದು ದಿನ ಮುಟ್ಟಬಾರದು.

ಹಿಡಿಯ ಹತ್ತಿರದ ಬಿರುಕಾದರೂ ಇದೇ ಮದ್ದು. ಹಿಡಿ ಹೆಚ್ಚು ಬಾಗುವುದಿಲ್ಲವಲ್ಲ, ಅಲ್ಲಿ ಅಂಟು ನಿಲ್ಲುತ್ತದೆ.

ಕುಂಬಳೆಯಿಂದ:

ಇಷ್ಟೆಲ್ಲ ಯಾಕೆ? ಯಕ್ಷಗಾನದ ಮೇಳಕ್ಕೆ ಕೊಟ್ಟುಬಿಡಿ. ಅರ್ಜುನನಿಗಾದರೂ ಆದೀತು.

ಮುಳ್ಳೇರಿಯದಿಂದ:

ಆರಡಿ ಬಿಲ್ಲು ಹಿಡಿದು ಅರ್ಜುನ ಗಿರಕಿ ಹೊಡೆದರೆ ಮದ್ದಳೆಯವರ ತಲೆ ಉಳಿಯಬೇಕಲ್ಲ ಮಾರಾಯ್ರೇ!

ಬದಿಯಡ್ಕದಿಂದ:

ಎಲ್ಲರಿಗೂ ಥ್ಯಾಂಕ್ಸ್. ನೋಡಿದೆ. ಬಿಳಿ, ಕೆಂಪು ಎರಡೂ ಇದೆ, ಪಕ್ಕದಲ್ಲಿ ಅಂಟಿನ ಗೆರೆ ಇಲ್ಲ. ಬಿರುಕು ಇರುವುದು ಹೊಟ್ಟೆಯ ಬದಿಯಲ್ಲಿ, ನೇರ ಉದ್ದಕ್ಕೆ, ಅಂಚಿಗೆ ಮುಟ್ಟಿಲ್ಲ. ಬೆನ್ನಿನಲ್ಲಿ ಹತ್ತಿ ಎಲ್ಲಿಯೂ ಸಿಕ್ಕಲಿಲ್ಲ. ಆದರೆ ಟಾರ್ಚ್ ಹಿಡಿದಾಗ ಇನ್ನೊಂದು ಕಂಡಿತು. ಕೆಳಗಿನ ತೋಳಿನ ಹೊಟ್ಟೆಯಲ್ಲಿ, ಹಿಡಿಯಿಂದ ಒಂದು ಗೇಣು ಕೆಳಗೆ, ಕೂದಲಿನಷ್ಟು ತೆಳ್ಳಗಿನ ಅಡ್ಡ ಗೆರೆಗಳು, ಒಂದರ ಪಕ್ಕ ಒಂದು. ಉಗುರಿಗೆ ಸಣ್ಣಗೆ ತಾಗುತ್ತದೆ. ಅದೇನು?

ಮುಳ್ಳೇರಿಯದಿಂದ:

ಅದೇ ಅಸಲು ತೊಂದರೆ. ಮೇಲಿನ ಬಿರುಕಿನ ಚಿಂತೆ ಬಿಡಿ, ಅಂಟು ಕುಡಿಸಿದರೆ ಮುಗಿಯಿತು. ಕೆಳಗಿನದ್ದು ಮರ ಒತ್ತಡ ತಾಳದೆ ಒಳಕ್ಕೆ ಕುಸಿದ ಗುರುತು. ಅದು ಸೋಲಾರ್ ಗೂಡಿನಲ್ಲಿ ಆದದ್ದಲ್ಲ, ಎಳೆದು ಎಳೆದು ಆದದ್ದು. ಬಹುಶಃ ಭಾವನವರ ಕೈಗೆ ಬರುವ ಮೊದಲೇ ಇತ್ತು. ಆ ಜಾಗ ಅಕ್ಕಪಕ್ಕಕ್ಕಿಂತ ಜಾಸ್ತಿ ಬಾಗುತ್ತಿದೆ, ಎಲ್ಲ ಭಾರ ಅಲ್ಲಿಗೇ ಬೀಳುತ್ತಿದೆ.

ಅಂಟು ಹಾಕಿದರೆ ಗೆರೆ ಮುಚ್ಚೀತು, ಕುಸಿದ ನಾರು ಏಳುವುದಿಲ್ಲ. ಮಾಡುವುದಿದ್ದರೆ ಒಂದೇ ದಾರಿ. ಆ ಜಾಗವನ್ನು ಮುಟ್ಟದೆ, ಅದರ ಎರಡೂ ಬದಿಯಲ್ಲಿ ಗಡುಸಾಗಿ ನಿಂತ ಭಾಗದ ಹೊಟ್ಟೆಯಿಂದ ಸ್ವಲ್ಪ ಸ್ವಲ್ಪ ಮರ ಕೆರೆದು, ಬಾಗುವಿಕೆಯನ್ನು ಇಡೀ ತೋಳಿಗೆ ಹಂಚಬೇಕು. ಮೇಲಿನ ತೋಳನ್ನೂ ಅದಕ್ಕೆ ಸರಿಯಾಗಿ ಕೆರೆಯಬೇಕು. ಬೆನ್ನಿಗೆ ಮಾತ್ರ ಉಳಿ, ಕತ್ತಿ ತಾಗಿಸಬಾರದು. ಬಲ ಇಳಿಯುತ್ತದೆ, 30 ಪೌಂಡಿನ ಹತ್ತಿರ ಬಂದರೂ ಬರಬಹುದು. ಗುರಿ ಹಲಗೆಗೆ ಹೊಡೆಯಲು ಅಷ್ಟು ಧಾರಾಳ ಸಾಕು. ಇದನ್ನು ಮೊದಲ ಸಲಕ್ಕೆ ಈ ಬಿಲ್ಲಿನ ಮೇಲೆ ಕಲಿಯಬೇಡಿ. ಬಿದಿರಿನದ್ದೊಂದು ಕೆತ್ತಿ ಕೈ ಕುದುರಿಸಿಕೊಳ್ಳಿ.

ಪರೀಕ್ಷೆ ಮಾಡುವಾಗ ಕೈಯಲ್ಲಿ ಹಿಡಿದು ಎಳೆಯಬಾರದು. ಕಂಬಕ್ಕೆ ಗಟ್ಟಿ ಗೂಟ ಹೊಡೆದು ಬಿಲ್ಲಿನ ಹಿಡಿಯನ್ನು ಅದರ ಮೇಲೆ ಕೂರಿಸಿ ಕಟ್ಟಿ. ಹೆದೆಗೆ ಹಗ್ಗ ಹಾಕಿ, ಕೆಳಗೆ ಬಾವಿಯ ರಾಟೆಯ ಮೂಲಕ ತಂದು, ದೂರ ನಿಂತು ಎಳೆಯಿರಿ. ದೂರದಿಂದ ನೋಡಿದಾಗಲೇ ಎರಡು ತೋಳು ಸಮ ಬಾಗುತ್ತದೋ ಇಲ್ಲವೋ ಗೊತ್ತಾಗುವುದು. ನಡುವೆ ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಸಿಕ್ಕಿಸಿದರೆ ಬಲವೂ ಸಿಗುತ್ತದೆ. ಗಲ್ಫಿಗೆ ಹೋಗಿ ಬರುವವರು ಯಾರ ಮನೆಯಲ್ಲಾದರೂ ಅದು ಇದ್ದೇ ಇರುತ್ತದೆ. ಮೊದಲು ಹತ್ತು ಇಂಚು, ಸುಮಾರು ಸಲ ಎಳೆದು ಮೆಲ್ಲಗೆ ಸಡಿಲಿಸಿ, ಗೆರೆ ಬೆಳೆದಿದೆಯಾ ನೋಡಿ. ಆಮೇಲೆ ಎರಡೆರಡು ಇಂಚು ಹೆಚ್ಚಿಸಿ. ಟಿಕ್ ಅಂತ ಒಂದು ಶಬ್ದ ಬಂದರೂ ನಿಲ್ಲಿಸಿ. ಹೆದೆಯನ್ನು ಒಮ್ಮೆಗೇ ಕೈಬಿಡಬಾರದು. ಬಾಣ ಇಲ್ಲದೆ ಬಿಟ್ಟರೆ ಅಷ್ಟೂ ಬಲ ಮರಕ್ಕೇ ವಾಪಸ್ ಹೊಡೆಯುತ್ತದೆ, ಗಟ್ಟಿ ಬಿಲ್ಲೂ ಅದರಲ್ಲಿ ಮುರಿಯುತ್ತದೆ.

ಪೆರ್ಲದಿಂದ:

ಹೊಟ್ಟೆಯ ಗೆರೆ ಸಾಧಾರಣ ನಿಧಾನಕ್ಕೆ ಕೆಡುತ್ತದೆ, ಬೆನ್ನಿನ ಬಿರುಕಿನ ಹಾಗೆ ಒಮ್ಮೆಗೇ ಮೋಸ ಮಾಡುವುದು ಕಡಿಮೆ. ಹಾಗಾಗಿ ಸುಮ್ನೆ ಬಿಸಾಡಬೇಡಿ. ಕೆರೆಯುವವರು ಸಿಗುವ ತನಕ ಹೆದೆ ಬಿಚ್ಚಿ, ಒಳಗೋಡೆಗೆ ಎರಡು ಗೂಟ ಹೊಡೆದು ಅಡ್ಡ ಇಡಿ. ಮೂಲೆಗೆ ಒರಗಿಸಿ ನಿಲ್ಲಿಸಿದರೆ ಬಿಲ್ಲು ಹಾಗೇ ಡೊಂಕಾಗುತ್ತದೆ.

ಬದಿಯಡ್ಕದಿಂದ:

ಮಗಳು 24 ಇಂಚು ಮಾತ್ರ ಎಳೆಯುತ್ತಾಳೆ. ಈಗಲೇ ಅಷ್ಟಕ್ಕೆ ಕೊಡಬಹುದಾ?

ಮುಳ್ಳೇರಿಯದಿಂದ:

ಬೇಡ. ರಾಟೆಯಲ್ಲಿ 26 ಇಂಚು ತಾಳಿ, ಗೆರೆ ಇದ್ದ ಹಾಗೇ ಇದೆ ಅಂತ ಆದ ಮೇಲೆ ಕೊಡಿ. ಹೆದೆ ಡಕ್ರಾನಿನದ್ದೇ ಇರಲಿ, ಅಂದರೆ ಸ್ವಲ್ಪ ಹಿಗ್ಗುವ ಪಾಲಿಯೆಸ್ಟರ್ ದಾರದ್ದು. ಈಗಿನ ಬಿಲ್ಲುಗಳಿಗೆ ಬರುವ ಹಿಗ್ಗದ ಹೆದೆ ಹಳೆ ಮರಕ್ಕೆ ಆಗುವುದಿಲ್ಲ, ಪ್ರತಿ ಬಾಣಕ್ಕೂ ತುದಿಗೆ ಹೊಡೆತ ಬೀಳುತ್ತದೆ. ಕೆಳಗಿನ ತೋಳಿನ ಫೋಟೋ ಪಕ್ಕದಿಂದ ತೆಗೆದು ಹಾಕಿ, ಎಲ್ಲಿ ಕೆರೆಯಬೇಕು ಅಂತ ಗೀಟು ಹಾಕಿ ಕೊಡುತ್ತೇನೆ.